ಈ ಸಾಲು ಬರೆದವರು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

2003ರ ಡಿಸೆಂಬರ್ ಕೊನೆಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಒಂದು ವಿಚಿತ್ರ ಕೆಲಸ ಮಾಡ್ತಾ ಕೂತಿದ್ದರು. ಹನ್ನೆರಡು ವರ್ಷದ ಹಿಂದೆ, ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ತಾವೇ ಬರೆದ ಕೋಡನ್ನು ತೆಗೆದು, ಅದು ತಾವೇ ಬರೆದದ್ದು ಅಂತ ಲೋಕಕ್ಕೆ ತೋರಿಸೋ ಕೆಲಸ. ಯಾಕಂದ್ರೆ ಎಸ್‌ಸಿಒ ಅನ್ನೋ ಅಮೆರಿಕದ ಕಂಪನಿ, ಲಿನಕ್ಸ್‌ನ ಅರವತ್ತಕ್ಕೂ ಹೆಚ್ಚು ಫೈಲ್‌ಗಳ ಪಟ್ಟಿ ಕೊಟ್ಟು, ಇವೆಲ್ಲ ನಮ್ಮ ಯುನಿಕ್ಸ್‌ನಿಂದ ಎತ್ತಿದ್ದು ಅಂತ ಪತ್ರ ಕಳಿಸಿತ್ತು. ಆ ಪಟ್ಟಿಯಲ್ಲಿ ಸಿಟೈಪ್ ಅನ್ನೋ ಪುಟ್ಟ ಫೈಲೂ ಇತ್ತು. ಒಂದು ಅಕ್ಷರ ದೊಡ್ಡದೋ ಚಿಕ್ಕದೋ, ಅಂಕಿಯೋ ಅಲ್ಲವೋ ಅಂತ ನೋಡೋ ನಾಲ್ಕಾರು ಸಾಲು, ಅಷ್ಟೆ.

ಟೋರ್ವಾಲ್ಡ್ಸ್ 1991ರ ಸೆಪ್ಟೆಂಬರ್‌ನ ಲಿನಕ್ಸ್ 0.01 ಆವೃತ್ತಿ ತೆಗೆದು ನೋಡಿದರು. ಆ ಸಾಲುಗಳು ಅಲ್ಲೇ ಇದ್ದವು. ದೊಡ್ಡಕ್ಷರವನ್ನು ಚಿಕ್ಕಕ್ಷರ ಮಾಡೋ ಸಾಲಿನಲ್ಲಿ, ನಡುವಿನ ಲೆಕ್ಕ ಇಟ್ಟುಕೊಳ್ಳೋಕೆ ಇಡೀ ಪ್ರೋಗ್ರಾಮಿಗೆ ಒಂದೇ ಸಾರ್ವಜನಿಕ ವೇರಿಯಬಲ್ ಬಳಸಿದ್ದರು. ಎರಡು ಕೆಲಸ ಒಟ್ಟಿಗೆ ನಡೆದರೆ ಒಂದರ ಲೆಕ್ಕ ಇನ್ನೊಂದು ಅಳಿಸಿಬಿಡುತ್ತೆ. ಅನುಭವಸ್ಥರು ಹಾಗೆ ಬರೆಯಲ್ಲ. ಇಷ್ಟು ಕೆಟ್ಟ ಕೋಡನ್ನು ನನ್ನದು ಅಂತ ಒಪ್ಪಿಕೊಳ್ಳೋಕೇ ನಾಚಿಕೆ, ಆದರೆ ಬೇರೆಯವರು ತಮ್ಮದು ಅಂತಿದ್ದಾರಲ್ಲ, ಅದಕ್ಕೆ ಒಪ್ಪಿಕೊಳ್ಳಬೇಕಾಗಿದೆ ಅನ್ನೋ ಅರ್ಥದಲ್ಲಿ ಅವರು ಉತ್ತರ ಬರೆದರು. ಕಳ್ಳಮಾಲಾಗಿದ್ದರೆ ಇನ್ನೊಂಚೂರು ಚೆನ್ನಾಗಿರ್ತಿತ್ತು ಅನ್ನೋದು ಅದರ ಧಾಟಿ.

ನಗು ಬರುತ್ತೆ, ನಿಜ. ಆದರೆ ಹಿಂದಿದ್ದ ಬೆದರಿಕೆ ಚಿಕ್ಕದಲ್ಲ. ಎಸ್‌ಸಿಒ 2003ರ ಮಾರ್ಚ್‌ನಲ್ಲಿ ಐಬಿಎಂ ಮೇಲೆ 100 ಕೋಟಿ ಡಾಲರ್ ದಾವೆ ಹೂಡಿತ್ತು. ಆ ಮೊತ್ತ ಮುಂದೆ 300 ಕೋಟಿ ಆಯಿತು, 500 ಕೋಟಿ ಆಯಿತು. ಲಿನಕ್ಸ್ ಬಳಸೋ ಕಂಪನಿಗಳೆಲ್ಲ ಪರವಾನಗಿಗೆ ದುಡ್ಡು ಕಟ್ಟಬೇಕು ಅಂತಲೂ ಕೇಳುತ್ತಿತ್ತು. ಲೋಕದ ನಾನಾ ಮೂಲೆಯ ಜನ ಪುಕ್ಕಟೆಯಾಗಿ ಕೂಡಿಸಿ ಕಟ್ಟಿದ ಒಂದು ವಸ್ತು ಕದ್ದದ್ದು ಅಂತ ಸಾಬೀತಾದರೆ, ಅದರ ಮೇಲೆ ನಿಂತ ಸರ್ವರ್‌ಗಳ ಗತಿ ಏನು? ಇಷ್ಟೆಲ್ಲಕ್ಕೂ ಉತ್ತರ ಕೊಡಬೇಕಾಗಿದ್ದದ್ದು ಒಂದೇ ಸಣ್ಣ ಪ್ರಶ್ನೆಗೆ: ಈ ಸಾಲು ಎಲ್ಲಿಂದ ಬಂತು?

ಇವತ್ತಾದರೆ ಈ ಪ್ರಶ್ನೆಗೆ ಒಂದು ಆಜ್ಞೆ ಇದೆ: ಗಿಟ್ ಬ್ಲೇಮ್. ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಆಫೀಸಿನಲ್ಲಿ ದಿನಕ್ಕೆ ನಾಲ್ಕು ಸಲ ಯಾರೋ ಒಬ್ಬರು ಅದನ್ನ ಓಡಿಸ್ತಾ ಇರ್ತಾರೆ. ಒಂದು ಫೈಲ್ ಕೊಟ್ಟರೆ, ಪ್ರತಿ ಸಾಲಿನ ಎಡಕ್ಕೆ ಅದನ್ನು ಕೊನೆಯ ಸಲ ಮುಟ್ಟಿದವರ ಹೆಸರು, ತಾರೀಖು, ಮತ್ತೊಂದು ಉದ್ದದ ಸಂಖ್ಯೆ ಬರುತ್ತೆ. ಪಹಣಿ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. ಪಹಣಿಯಲ್ಲಿ ಮಾಲೀಕರ ಹೆಸರಿನ ಜೊತೆ ಎಂಆರ್ ನಂಬರ್ ಇರುತ್ತಲ್ಲ? ಆ ನಂಬರ್ ಹಿಡ್ಕೊಂಡು ಮ್ಯುಟೇಶನ್ ರಿಜಿಸ್ಟರ್ ತೆಗೆಸಿದರೆ, ಆ ಜಮೀನು ಅವರ ಹೆಸರಿಗೆ ಕ್ರಯದಿಂದ ಬಂತೋ, ವಿಭಾಗದಿಂದ ಬಂತೋ, ಪೌತಿಯಿಂದ ಬಂತೋ ಗೊತ್ತಾಗುತ್ತೆ. ಇಲ್ಲೂ ಹಾಗೇ. ಆ ಉದ್ದದ ಸಂಖ್ಯೆ ಹಿಡಿದು ಹೋದರೆ ಒಂದು ಕಮಿಟ್ ಸಿಗುತ್ತೆ. ಆ ಬದಲಾವಣೆ ಯಾಕೆ ಮಾಡಿದೆವು ಅಂತ ಬರೆದ ಟಿಪ್ಪಣಿ ಸಿಗುತ್ತೆ. ಬರೆದಿದ್ದರೆ.

ಇದು ಶುರುವಾದದ್ದು ಗಿಟ್‌ನಿಂದ ಅಲ್ಲ. 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ ಅನ್ನೋ ಎಂಜಿನಿಯರ್ ಎಸ್‌ಸಿಸಿಎಸ್ ಅನ್ನೋ ವ್ಯವಸ್ಥೆ ಕಟ್ಟಿದರು, 1975ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಒಂದು ಫೈಲ್ ಬದಲಾದಾಗ ಹಳೆಯದನ್ನು ಬಿಸಾಡದೆ ಇಟ್ಟುಕೊಳ್ಳೋದು ಅದರ ಉದ್ದೇಶ. ಅದಕ್ಕೆ ಅವರು ಹಿಡಿದ ದಾರಿ ಚೆನ್ನಾಗಿದೆ. ಆ ಫೈಲಿನಲ್ಲಿ ಯಾವತ್ತಾದರೂ ಇದ್ದ ಸಾಲುಗಳೆಲ್ಲ, ಅಳಿಸಿ ಹೋದವೂ ಸೇರಿ, ಒಂದರೊಳಗೊಂದು ಮಗ್ಗದ ಎಳೆಗಳ ಹಾಗೆ ನೇಯ್ದುಕೊಂಡು ಒಂದೇ ಕಡೆ ಇರ್ತವೆ. ನಡುನಡುವೆ ಗುರುತುಗಳು: ಇಲ್ಲಿಂದ ಇಲ್ಲಿವರೆಗಿನ ಸಾಲು ಮೂರನೇ ಬದಲಾವಣೆಯಲ್ಲಿ ಸೇರಿತು, ಇದು ಏಳನೆಯದರಲ್ಲಿ ಹೋಯಿತು. ಹಾಗಾಗಿ ಯಾವ ಸಾಲು ಯಾವಾಗ ಹುಟ್ಟಿತು ಅಂತ ಹುಡುಕಬೇಕಾಗೇ ಇಲ್ಲ, ಅದು ಸಂಗ್ರಹದೊಳಗೇ ಇದೆ. ಫೈಲನ್ನು ಹೊರತೆಗೆಯೋವಾಗ ಒಂದು ಆಯ್ಕೆ ಕೊಟ್ಟರೆ ಸಾಲಿನ ಮುಂದೆ ಅದನ್ನು ತಂದ ಬದಲಾವಣೆಯ ಸಂಖ್ಯೆ ಬರ್ತಿತ್ತು. ಅಂದರೆ ಈ ವಿದ್ಯೆಗೆ ಐವತ್ತು ವರ್ಷ ದಾಟಿದೆ.

ನಂತರ 1982ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಚಿಯವರ ಆರ್‌ಸಿಎಸ್ ಬಂತು, 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಡಿಕ್ ಗ್ರೂನ್ ಸಿವಿಎಸ್ ಶುರು ಮಾಡಿದರು, 2000ದಲ್ಲಿ ಸಬ್‌ವರ್ಶನ್ ಹುಟ್ಟಿತು. ಇವುಗಳ ಒಳಗಿನ ವ್ಯವಸ್ಥೆ ಬೇರೆ ಬೇರೆ, ಆ ವಿವರ ಇಲ್ಲಿ ಬೇಡ. ಹೆಸರಿನ ಬಗ್ಗೆ ಮಾತ್ರ ಒಂದು ಮಾತು. ಸಿವಿಎಸ್‌ನಲ್ಲಿ ಈ ಆಜ್ಞೆಗೆ ಆನೊಟೇಟ್ ಅಂತಿದ್ದರು, ಟಿಪ್ಪಣಿ ಹಾಕು ಅಂತ. ಸಭ್ಯ ಹೆಸರು. ಸಬ್‌ವರ್ಶನ್‌ಗೆ ಬರೋ ಹೊತ್ತಿಗೆ ಅದು ಬ್ಲೇಮ್ ಆಗಿತ್ತು, ದೂರು. ಅದನ್ನು ಕಟ್ಟಿದವರಿಗೇ ಮುಜುಗರ ಆಗಿರಬೇಕು, ಅದೇ ಆಜ್ಞೆಗೆ ಪ್ರೇಸ್ ಅಂತ ಇನ್ನೊಂದು ಹೆಸರೂ ಇಟ್ಟರು, ಅಂದರೆ ಹೊಗಳು. ಎರಡರಲ್ಲಿ ಯಾವುದು ಕೊಟ್ಟರೂ ಬರೋ ಉತ್ತರ ಒಂದೇ. ಜನ ಬಳಸಿದ್ದು ಮಾತ್ರ ದೂರನ್ನೇ!

ಮತ್ತೆ 2003ಕ್ಕೆ ಬರೋಣ. ಆಗ ಲಿನಕ್ಸ್‌ನ ಪರಿಸ್ಥಿತಿ ಏನಿತ್ತು ಗೊತ್ತಾ? 1991ರಿಂದ 2002ರವರೆಗೆ ಅದಕ್ಕೆ ಇಂಥ ಯಾವ ದಾಖಲೆ ವ್ಯವಸ್ಥೆಯೂ ಇರಲಿಲ್ಲ. ಜನ ಇಮೇಲ್‌ನಲ್ಲಿ ಪ್ಯಾಚ್ ಕಳಿಸೋರು, ಟೋರ್ವಾಲ್ಡ್ಸ್ ಓದಿ ಸೇರಿಸೋರು, ಆಗಾಗ ಇಡೀ ಕೋಡನ್ನು ಒಂದು ಗಂಟು ಕಟ್ಟಿ ಬಿಡುಗಡೆ ಮಾಡೋರು. ಒಂದು ಸಾಲಿನ ಮೂಲ ಹುಡುಕಬೇಕಂದ್ರೆ ಎರಡು ಗಂಟುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಕು. ಎಲ್ಲಿ ಹೊಸದಾಗಿ ಕಂಡಿತೋ ಆ ತಿಂಗಳಿನ ಹಳೆಯ ಇಮೇಲ್‌ಗಳನ್ನು ಕೆದಕಬೇಕು.

ಅಂಥ ಹುಡುಕಾಟ ಒಂದು ನಡೆಯಿತು, ಪತ್ತೇದಾರಿ ಕತೆಯ ಹಾಗೆ. 2003ರ ಆಗಸ್ಟ್‌ನಲ್ಲಿ ಎಸ್‌ಸಿಒ ಲಾಸ್ ವೇಗಸ್‌ನ ತನ್ನ ಸಮಾವೇಶದಲ್ಲಿ ಪರದೆ ಮೇಲೆ ಸಾಕ್ಷಿ ತೋರಿಸಿತು: ಎಡಕ್ಕೆ ಯುನಿಕ್ಸ್ ಕೋಡ್, ಬಲಕ್ಕೆ ಲಿನಕ್ಸ್ ಕೋಡ್. ಗುಟ್ಟು ಬಿಟ್ಟುಕೊಡಬಾರದು ಅಂತ ಕೆಲವು ಭಾಗವನ್ನು ಗ್ರೀಕ್ ಲಿಪಿಯ ಫಾಂಟಿಗೆ ಬದಲಾಯಿಸಿದ್ದರು. ಭಾಷೆ ಇಂಗ್ಲಿಷೇ, ಅಕ್ಷರದ ವೇಷ ಮಾತ್ರ ಗ್ರೀಕ್. ಜರ್ಮನಿಯ ಹೈಸೆ ಸುದ್ದಿಸಂಸ್ಥೆ ಆ ಪರದೆಯ ಫೋಟೊ ಪ್ರಕಟಿಸಿತು. ವೇಷ ಕಳಚೋಕೆ ಜನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೆಮೊರಿ ಹಂಚಿಕೊಡೋ ಒಂದು ಪುಟ್ಟ ಫಂಕ್ಷನ್ ಅದು. ಬ್ರೂಸ್ ಪೆರೆನ್ಸ್ ಮತ್ತಿತರರು ಹಿಂದಕ್ಕೆ ಹಿಂದಕ್ಕೆ ಹೋದರು. ಆಸ್ಟ್ರೇಲಿಯಾದ ಪ್ರೊಫೆಸರ್ ಜಾನ್ ಲಯನ್ಸ್ 1970ರ ದಶಕದಲ್ಲಿ ಯುನಿಕ್ಸ್ ಕೋಡಿಗೆ ಬರೆದ ಭಾಷ್ಯದಲ್ಲಿ ಅದು ಇತ್ತು. ಅದಕ್ಕೂ ಹಿಂದೆ, 1973ರ ಯುನಿಕ್ಸ್‌ನಲ್ಲೂ ಇತ್ತು. ಅಂದರೆ ಯುನಿಕ್ಸ್‌ನಿಂದ ಬಂದದ್ದು ಹೌದು. ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ಅದನ್ನು ಲಿನಕ್ಸ್‌ಗೆ ತಂದಿತ್ತು.

ಹಾಗಾದ್ರೆ ಎಸ್‌ಸಿಒ ಹೇಳಿದ್ದು ನಿಜವಾಯ್ತಲ್ಲ? ಇಲ್ಲೇ ಇದೆ ತಮಾಷೆ. ಆ ಹಳೆಯ ಯುನಿಕ್ಸ್ ಆವೃತ್ತಿಗಳನ್ನು 2002ರ ಜನವರಿಯಲ್ಲಿ ಕಾಲ್ಡೆರಾ ಅನ್ನೋ ಕಂಪನಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತ್ತು. ಆ ಕಾಲ್ಡೆರಾ ಅದೇ ವರ್ಷ ಹೆಸರು ಬದಲಾಯಿಸಿಕೊಂಡು ಎಸ್‌ಸಿಒ ಆಯಿತು! ಸಿಲಿಕಾನ್ ಗ್ರಾಫಿಕ್ಸ್ ಮಾಡಿದ್ದು ಪೂರ್ತಿ ಸರಿ ಅಂತ ನಾನೇನೂ ಹೇಳಲ್ಲ, ಮೂಲದ ಹೆಸರನ್ನು ಅವರು ಉಳಿಸಿಕೊಳ್ಳಬೇಕಿತ್ತು. ಆದರೆ ಲೋಕದ ಮುಂದೆ ಇಟ್ಟ ಮೊದಲ ಸಾಕ್ಷಿಯೇ ಹೀಗಾದರೆ?

ಕೋರ್ಟಿನಲ್ಲೂ ಇದೇ ಆಯಿತು. ಯಾವ ಫೈಲು, ಯಾವ ಆವೃತ್ತಿ, ಎಷ್ಟನೇ ಸಾಲು ಹೇಳಿ ಅಂತ ಐಬಿಎಂ ವರ್ಷಗಟ್ಟಲೆ ಕೇಳಿತು. 2006ರ ಜೂನ್‌ನಲ್ಲಿ ನ್ಯಾಯಾಧೀಶೆ ಬ್ರೂಕ್ ವೆಲ್ಸ್ ಎಸ್‌ಸಿಒ ಮುಂದಿಟ್ಟಿದ್ದ ಆರೋಪಗಳಲ್ಲಿ ಬಹುಪಾಲನ್ನು ತೆಗೆದುಹಾಕಿದರು, ನಿರ್ದಿಷ್ಟವಾಗಿ ತೋರಿಸಿಲ್ಲ ಅನ್ನೋ ಕಾರಣಕ್ಕೆ. ಅವರು ಕೊಟ್ಟ ಹೋಲಿಕೆ ಹೀಗಿದೆ: ಅಂಗಡಿಯಲ್ಲಿ ಕಳ್ಳತನದ ಆರೋಪದ ಮೇಲೆ ಒಬ್ಬರನ್ನು ಹಿಡಿದು, ಏನು ಕದ್ದದ್ದು ಅಂತ ಕೇಳಿದರೆ ಅಂಗಡಿಯ ಇಡೀ ಸಾಮಾನಿನ ಪಟ್ಟಿ ಕೈಗೆ ಕೊಟ್ಟು 'ಇದರಲ್ಲೇ ಎಲ್ಲೋ ಇದೆ, ನೀನೇ ಹುಡುಕ್ಕೋ' ಅಂದ ಹಾಗೆ. ಮುಂದೆ 2010ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಯುನಿಕ್ಸ್‌ನ ಕಾಪಿರೈಟೇ ಎಸ್‌ಸಿಒ ಕೈಗೆ ಬಂದಿರಲಿಲ್ಲ, ಅದು ನೋವೆಲ್ ಕಂಪನಿಯದ್ದು ಅಂತ ಜ್ಯೂರಿ ತೀರ್ಪು ಕೊಟ್ಟಿತು. ಐಬಿಎಂ ಮೊಕದ್ದಮೆ ಎಳೆದಾಡಿ 2021ರಲ್ಲಿ 1 ಕೋಟಿ 42.5 ಲಕ್ಷ ಡಾಲರ್‌ಗೆ ರಾಜಿಯಾಯಿತು. 500 ಕೋಟಿ ಕೇಳಿದ್ದ ಜಾಗದಲ್ಲಿ. ಅಷ್ಟು ಹೊತ್ತಿಗೆ ಎಸ್‌ಸಿಒ ದಿವಾಳಿಯಾಗಿ ವರ್ಷಗಳಾಗಿದ್ದವು.

ಈ ಗಲಾಟೆಯಿಂದ ಲಿನಕ್ಸ್‌ನವರು ಒಂದು ಪಾಠ ಕಲಿತರು. 2004ರ ಮೇ ತಿಂಗಳಲ್ಲಿ ಟೋರ್ವಾಲ್ಡ್ಸ್ ಹೊಸ ಪದ್ಧತಿ ತಂದರು: ಪ್ಯಾಚ್ ಕಳಿಸೋರು ಕೊನೆಯಲ್ಲಿ 'ಸೈನ್ಡ್ ಆಫ್ ಬೈ' ಅಂತ ತಮ್ಮ ಹೆಸರು ಹಾಕಬೇಕು. ಇದು ನಾನು ಬರೆದದ್ದು, ಅಥವಾ ಇದನ್ನು ಮುಂದಕ್ಕೆ ಕೊಡೋ ಹಕ್ಕು ನನಗಿದೆ, ಅನ್ನೋ ಮುಚ್ಚಳಿಕೆ ಅದು. ಅದನ್ನು ದಾಟಿಸೋ ಪ್ರತಿಯೊಬ್ಬರೂ ಕೆಳಗೆ ತಮ್ಮ ಹೆಸರು ಸೇರಿಸ್ತಾ ಹೋಗ್ತಾರೆ. ಒಂದು ಸಾಲು ಎಷ್ಟು ಕೈ ದಾಟಿ ಬಂತು ಅನ್ನೋದು ಹೀಗೆ ಅದರ ಬೆನ್ನಿಗೇ ಅಂಟಿಕೊಳ್ಳುತ್ತೆ.

ಅದೇ 2003ರಲ್ಲಿ ಇನ್ನೊಂದು ಘಟನೆ ನಡೆದಿತ್ತು. ಎಸ್‌ಸಿಒ ಗದ್ದಲದಲ್ಲಿ ಇದು ಅಷ್ಟಾಗಿ ಹೊರಗಿನವರ ಕಿವಿಗೆ ಬೀಳಲಿಲ್ಲ, ಆದರೆ ನನ್ನ ಮಟ್ಟಿಗೆ ಇದೇ ಹೆಚ್ಚು ರೋಚಕ. 2002ರಿಂದ ಲಿನಕ್ಸ್ ಬಿಟ್‌ಕೀಪರ್ ಅನ್ನೋ ವ್ಯವಸ್ಥೆಗೆ ಬಂದಿತ್ತು. ಅದು ಲ್ಯಾರಿ ಮೆಕ್‌ವಾಯ್ ಅವರ ಕಂಪನಿಯ ಖಾಸಗಿ ಸಾಫ್ಟ್‌ವೇರ್. ಅದನ್ನು ಬಳಸೋಕೆ ಮನಸ್ಸಿಲ್ಲದವರಿಗಾಗಿ ಅದರ ಒಂದು ಪ್ರತಿಯನ್ನು ಸಿವಿಎಸ್‌ನಲ್ಲೂ ಇಡ್ತಿದ್ದರು. ನವೆಂಬರ್ ಮೊದಲ ವಾರ ಆ ಪ್ರತಿಯಲ್ಲಿ ಎರಡು ಸಾಲು ಹೆಚ್ಚಾಗಿ ಕಂಡವು.

ಮೇಲ್ನೋಟಕ್ಕೆ ಆ ಸಾಲು ಮಾಡ್ತಿದ್ದದ್ದು ಒಂದು ಸಣ್ಣ ತಪಾಸಣೆ: ಇಂಥ ಎರಡು ಆಯ್ಕೆ ಒಟ್ಟಿಗೆ ಬಂದು, ಬಳಕೆದಾರನ ಸಂಖ್ಯೆ ಸೊನ್ನೆಗೆ ಸಮವಾಗಿದ್ದರೆ, ತಪ್ಪು ಅಂತ ಹೇಳು. ಸಿ ಭಾಷೆಯಲ್ಲಿ 'ಸಮವಾಗಿದೆಯಾ' ಅಂತ ಕೇಳೋಕೆ ಎರಡು ಸಮ ಚಿಹ್ನೆ ಹಾಕಬೇಕು. ಒಂದೇ ಹಾಕಿದರೆ ಅದು ಪ್ರಶ್ನೆ ಅಲ್ಲ, ಅಪ್ಪಣೆ. ಆ ಸಾಲಿನಲ್ಲಿ ಇದ್ದದ್ದು ಒಂದೇ. ಅಂದರೆ ಬಳಕೆದಾರನ ಸಂಖ್ಯೆ ಸೊನ್ನೆಯಾ ಅಂತ ಕೇಳ್ತಾ ಇಲ್ಲ, ಸೊನ್ನೆ ಮಾಡ್ತಾ ಇದೆ. ಯುನಿಕ್ಸ್ ಜಗತ್ತಿನಲ್ಲಿ ಸೊನ್ನೆ ಅಂದ್ರೆ ರೂಟ್, ಮನೆಯ ಎಲ್ಲ ಬೀಗದ ಕೈ ಇರೋ ಯಜಮಾನ. ಗುಟ್ಟು ಗೊತ್ತಿದ್ದವರು ಆ ಎರಡು ಆಯ್ಕೆ ಒಟ್ಟಿಗೆ ಕೊಟ್ಟರೆ ಸಾಕು, ಯಂತ್ರ ಅವರದು. ಓದೋರ ಕಣ್ಣಿಗೆ ಒಂದು ಸಮ ಚಿಹ್ನೆ ಬಿಟ್ಟುಹೋದ ಹಾಗೆ ಕಾಣುತ್ತೆ, ಅಷ್ಟೆ.

ಸಿಕ್ಕಿಬಿದ್ದದ್ದು ಕೋಡ್ ಓದಿ ಅಲ್ಲ. ಸಿವಿಎಸ್ ಪ್ರತಿಯಲ್ಲಿನ ಪ್ರತಿ ಬದಲಾವಣೆಗೂ ಬಿಟ್‌ಕೀಪರ್‌ನ ಮೂಲ ದಾಖಲೆಯತ್ತ ಒಂದು ಕೊಂಡಿ ಇರ್ತಿತ್ತು. ಈ ಬದಲಾವಣೆಗೆ ಆ ಕೊಂಡಿ ಇರಲಿಲ್ಲ. ಹೆಸರೇನೋ ಇತ್ತು, ಎಲ್ಲರೂ ನಂಬೋ ಒಬ್ಬ ಕರ್ನಲ್ ಡೆವಲಪರ್ ಹೆಸರು, ಆದರೆ ಅವರು ಅದನ್ನು ಮಾಡಿರಲೇ ಇಲ್ಲ. ಯಾರೋ ಸರ್ವರಿಗೆ ನುಗ್ಗಿ ಅವರ ಹೆಸರಿನಲ್ಲಿ ಬರೆದು ಹೋಗಿದ್ದರು. ಹಳೆಯ ಓಲೆಗರಿ ಓದೋ ವಿದ್ವಾಂಸರು ಒಂದು ಪದ್ಯವನ್ನು ಪ್ರಕ್ಷಿಪ್ತ ಅಂತ ಗುರುತಿಸೋದು ಹೇಗೆ ನೋಡಿ: ಒಂದು ಪ್ರತಿಯಲ್ಲಿದೆ, ಮಿಕ್ಕ ಪ್ರತಿಗಳಲ್ಲಿ ಇಲ್ಲ. ಇಲ್ಲೂ ಅದೇ ತರ್ಕ. ಮೂಲದ ಲಿನಕ್ಸ್‌ಗೆ ಆ ಸಾಲು ತಲುಪಲೇ ಇಲ್ಲ. ಬರೆದವರು ಯಾರು ಅಂತ ಹೊರಗೆ ಬರಲೂ ಇಲ್ಲ.

2005ರ ಏಪ್ರಿಲ್‌ನಲ್ಲಿ ಬಿಟ್‌ಕೀಪರ್ ಜೊತೆಗಿನ ನಂಟು ಮುರಿಯಿತು. ಪುಕ್ಕಟೆ ಪರವಾನಗಿ ವಾಪಸ್ ಹೋಯಿತು. ಟೋರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಗಿಟ್‌ನ ಮೊದಲ ರೂಪ ಬರೆದರು. ಆ ತಿಂಗಳಲ್ಲೇ ಒಂದು ಜಗಳವೂ ನಡೆಯಿತು: ಫೈಲಿನ ಹೆಸರು ಬದಲಾದರೆ ಗಿಟ್ ಅದನ್ನು ಬರೆದಿಟ್ಟುಕೊಳ್ಳಬೇಕಾ ಬೇಡವಾ ಅಂತ. ಬೇಡ ಅನ್ನೋದು ಅವರ ವಾದ. ಜನ ಹುಡುಕೋದು ಫೈಲನ್ನಲ್ಲ, ಸಾಲನ್ನ. ಒಂದು ಫಂಕ್ಷನ್ ಈ ಫೈಲಿನಿಂದ ಆ ಫೈಲಿಗೆ ಹೋಗಿರಬಹುದು, ಅರ್ಧ ಇಲ್ಲೇ ಉಳಿದಿರಬಹುದು. ಹಾಗಾಗಿ ಪ್ರತಿ ಕಮಿಟ್‌ನಲ್ಲಿ ಇಡೀ ಕೋಡ್ ಹೇಗಿತ್ತೋ ಹಾಗೇ ಇಟ್ಟುಬಿಡೋಣ. ಸಾಲು ಎಲ್ಲಿಂದ ಬಂತು ಅಂತ ಬೇಕಾದಾಗ ಹೋಲಿಸಿ ಲೆಕ್ಕ ಹಾಕೋಣ ಅಂದರು. ಎಸ್‌ಸಿಸಿಎಸ್‌ಗೆ ತದ್ವಿರುದ್ಧ. ಅಲ್ಲಿ ಸಾಲಿನ ಹುಟ್ಟು ದಾಖಲಾಗಿತ್ತು, ಇಲ್ಲಿ ಅದು ಪ್ರತಿ ಸಲ ಹೊಸದಾಗಿ ಊಹಿಸಿ ಹೇಳೋ ಮಾತು.

ಊಹೆ ಅಂದೆ, ಅದು ಮುಖ್ಯ. ಗಿಟ್ ಬ್ಲೇಮ್ ತೋರಿಸೋದು ಸಾಲನ್ನು ಹುಟ್ಟಿಸಿದವರನ್ನಲ್ಲ, ಕೊನೆಯಲ್ಲಿ ಮುಟ್ಟಿದವರನ್ನ. ಯಾರೋ ಒಬ್ಬರು ಇಡೀ ಪ್ರಾಜೆಕ್ಟಿನ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿದರು ಅಂದ್ಕೊಳ್ಳಿ. ಮರುದಿನದಿಂದ ಲಕ್ಷ ಸಾಲಿಗೂ ಅವರದೇ ಹೆಸರು! ಅದಕ್ಕೇ ಪಳಗಿದವರು ಅಲ್ಲಿಗೆ ನಿಲ್ಲಲ್ಲ. ಖಾಲಿ ಜಾಗದ ಬದಲಾವಣೆ ಲೆಕ್ಕಕ್ಕೆ ತಗೋಬೇಡ ಅಂತಾರೆ, ಬೇರೆ ಫೈಲಿನಿಂದ ನಕಲಾದ ಸಾಲನ್ನೂ ಹುಡುಕು ಅಂತಾರೆ, ಸಿಕ್ಕ ಕಮಿಟ್‌ನ ಹಿಂದಿನ ಕಮಿಟ್‌ಗೆ ಹೋಗಿ ಮತ್ತೆ ಬ್ಲೇಮ್ ಓಡಿಸ್ತಾರೆ, ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ. ಇನ್ನೊಂದು ಉಪಾಯಕ್ಕೆ ಪಿಕ್‌ಆಕ್ಸ್ ಅಂತ ಹೆಸರು, ಗುದ್ದಲಿ ಅನ್ನಿ. ಒಂದು ಪದ ಕೊಟ್ಟರೆ ಅದು ಕೋಡಿನೊಳಗೆ ಬಂದ, ಹೋದ ಕಮಿಟ್‌ಗಳನ್ನೆಲ್ಲ ಅಗೆದು ಕೊಡುತ್ತೆ. ಇಂಥ ಸಾಮೂಹಿಕ ಬದಲಾವಣೆಗಳ ಪಟ್ಟಿ ಕೊಟ್ಟು, ಇವನ್ನ ಬಿಟ್ಟು ಹುಡುಕು ಅನ್ನೋ ಸೌಲಭ್ಯ 2019ರಲ್ಲಿ ಬಂತು.

ಲಿನಕ್ಸ್‌ನಲ್ಲಿ ಹೀಗೆ ಅಗೆಯುತ್ತಾ ಹೋದರೆ ಒಂದು ದೊಡ್ಡ ಬಂಡೆ ಸಿಗುತ್ತೆ. 1ಡಿಎ177 ಅಂತ ಶುರುವಾಗೋ ಕಮಿಟ್, 2005ರ ಏಪ್ರಿಲ್ 16ರದ್ದು. ಗಿಟ್‌ಗೆ ಲಿನಕ್ಸ್ ಬಂದ ದಿನ. ಹಳೆಯ ಇತಿಹಾಸ ನಮ್ಮ ಹತ್ತಿರ ಇದೆ, ಆದರೆ ತರಲ್ಲ, ಅದು 3.2 ಜಿಬಿ ಆಗುತ್ತೆ, ಸದ್ಯಕ್ಕೆ ಬೇಡ, ಅನ್ನೋ ಅರ್ಥದ ಟಿಪ್ಪಣಿ ಅದಕ್ಕಿದೆ. ಹಾಗಾಗಿ ಅದಕ್ಕಿಂತ ಹಳೆಯ ಸಾಲು ಯಾರದ್ದೇ ಆಗಿರಲಿ, ಬ್ಲೇಮ್ ಟೋರ್ವಾಲ್ಡ್ಸ್ ಹೆಸರನ್ನೇ ತೋರಿಸುತ್ತೆ. ಹದಿನಾಲ್ಕು ವರ್ಷದ ಸಾವಿರಾರು ಜನರ ಕೆಲಸ ಒಬ್ಬರ ಖಾತೆಗೆ. ನಮ್ಮಲ್ಲಿ ಭೂಮಿ ಯೋಜನೆಗೂ ಮುಂಚಿನ ಕೈಬರಹದ ಪಹಣಿ ಬೇಕು ಅಂದ್ರೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕಲ್ಲ, ಹಾಗೆ ಇಲ್ಲೂ ಹಳೆಯ ದಾಖಲೆ ಬೇರೆ ಕಡೆ ಇದೆ. ಥಾಮಸ್ ಗ್ಲೈಕ್ಸ್‌ನರ್ ಬಿಟ್‌ಕೀಪರ್ ಕಾಲದ ಇತಿಹಾಸವನ್ನು ಗಿಟ್ ರೂಪಕ್ಕೆ ತಂದಿಟ್ಟರು. ಬೇಕಾದವರು ಅದನ್ನು ಈ ಬಂಡೆಯ ಹಿಂದಕ್ಕೆ ಜೋಡಿಸಿಕೊಳ್ಳಬಹುದು.

ಯುನಿಕ್ಸ್‌ಗೆ ಇದನ್ನೇ ಇನ್ನೂ ದೊಡ್ಡದಾಗಿ ಮಾಡಿದವರು ಗ್ರೀಸ್‌ನ ಡಿಯೊಮಿಡಿಸ್ ಸ್ಪಿನೆಲ್ಲಿಸ್. ಬೆಲ್ ಲ್ಯಾಬ್ಸ್‌ನ 1970ರ ದಶಕದ ಯುನಿಕ್ಸ್‌ನಿಂದ ಹಿಡಿದು ಇವತ್ತಿನ ಫ್ರೀಬಿಎಸ್‌ಡಿವರೆಗೆ ಎಲ್ಲವನ್ನೂ ಒಂದೇ ಗಿಟ್ ರೆಪೊಸಿಟರಿ ಮಾಡಿದರು. ಅದರ ತೀರಾ ಹಳೆಯ ಭಾಗಗಳು ಡಿಸ್ಕಿನಲ್ಲಿ ಸಿಕ್ಕಿದ್ದಲ್ಲ. ಮೊದಲ ಆವೃತ್ತಿಯ ಕರ್ನಲ್ ಉಳಿದಿದ್ದು 1972ರ ಕಾಗದದ ಪ್ರಿಂಟ್‌ಔಟ್‌ನಲ್ಲಿ. ಆಸಕ್ತರು ಅದನ್ನು ಸ್ಕ್ಯಾನ್ ಮಾಡಿ, ತಪ್ಪು ತಿದ್ದಿ, ಮತ್ತೆ ಓಡೋ ಹಾಗೆ ಮಾಡಿದರು. ಹಾಗಾಗಿ ಇವತ್ತು ಆ ರೆಪೊಸಿಟರಿಯಲ್ಲಿ ಬ್ಲೇಮ್ ಓಡಿಸಿದರೆ, ಕೆಲವು ಸಾಲಿನ ಪಕ್ಕ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಅಂತ ಬರುತ್ತೆ. ಅವರು ಆ ಸಾಲು ಬರೆಯೋವಾಗ ಗಿಟ್ ಹುಟ್ಟೋಕೆ ಮೂವತ್ತು ವರ್ಷ ಬಾಕಿ ಇತ್ತು.

ಇನ್ನು ಹೆಸರಿನ ವಿಷಯ. 2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಅನ್ನೋ ದೋಷ ಹೊರಬಂತು. ವೆಬ್‌ಸೈಟಿನ ಜೊತೆಗಿನ ನಮ್ಮ ಮಾತುಕತೆಯನ್ನು ಗುಟ್ಟಾಗಿಡೋ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಒಂದು ತಪಾಸಣೆ ಬಿಟ್ಟುಹೋಗಿತ್ತು. 'ನಾನು ಕಳಿಸಿದ ಇಷ್ಟು ಅಕ್ಷರ ವಾಪಸ್ ಕೊಡು' ಅಂತ ಸುಳ್ಳು ಲೆಕ್ಕ ಹೇಳಿದರೆ, ಸರ್ವರ್ ತನ್ನ ಮೆಮೊರಿಯಿಂದ 64 ಕೆಬಿವರೆಗೆ ತುಂಬಿ ಕೊಡ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಗುಪ್ತ ಕೀಲಿಯೂ ಇರಬಹುದು. ಜನ ತಕ್ಷಣ ಬ್ಲೇಮ್ ಓಡಿಸಿದರು. ಸಿಕ್ಕ ಕಮಿಟ್‌ನ ಹೊತ್ತು 2011ರ ಡಿಸೆಂಬರ್ 31, ಜರ್ಮನಿಯ ಗಡಿಯಾರದಲ್ಲಿ ಹೊಸ ವರ್ಷಕ್ಕೆ ಒಂದು ನಿಮಿಷವೂ ಪೂರ್ತಿ ಬಾಕಿ ಇಲ್ಲ. ಎಲ್ಲರೂ ಪಟಾಕಿ ಹೊಡೆಯೋ ಹೊತ್ತಲ್ಲಿ ಯಾರಿಗೂ ಕಾಣದ ಹಾಗೆ ಸೇರಿಸಿದ್ದಾರೆ ಅಂತ ಸಂಶಯದ ಕತೆಗಳು ಹುಟ್ಟಿಕೊಂಡವು.

ಆ ದಾಖಲೆಯನ್ನು ಸ್ವಲ್ಪ ನಿಧಾನವಾಗಿ ಓದಿದರೆ ಬೇರೆ ಚಿತ್ರ ಕಾಣುತ್ತೆ. ಬ್ಲೇಮ್ ತೋರಿಸೋ ಹೆಸರು ಆ ಕೋಡ್ ಬರೆದವರದ್ದಲ್ಲ. ಅದನ್ನು ಪರಿಶೀಲಿಸಿ ಒಳಗೆ ಸೇರಿಸಿದವರದ್ದು. ಬರೆದವರ ಹೆಸರು ಟಿಪ್ಪಣಿಯೊಳಗೆ 'ಸಲ್ಲಿಸಿದವರು' ಅಂತ ಇದೆ, ಅದರ ಕೆಳಗೆ ಪರಿಶೀಲಿಸಿದವರ ಹೆಸರು. ಬರೆದವರು ಜರ್ಮನಿಯ ಒಬ್ಬ ಸಂಶೋಧನಾ ವಿದ್ಯಾರ್ಥಿ. ಅದು ಕಣ್ತಪ್ಪು ಅಂತ ಅವರೇ ಪತ್ರಿಕೆಯವರಿಗೆ ಹೇಳಿದರು. ಹುಡುಕಿದರೆ ಹೆಸರು ಸಿಗುತ್ತೆ, ನಾನಿಲ್ಲಿ ಹೇಳಲ್ಲ. ಆ ಸಾಲು ಎರಡು ವರ್ಷಕ್ಕೂ ಹೆಚ್ಚು ಕಾಲ ಎಲ್ಲರ ಕಣ್ಣೆದುರು ತೆರೆದೇ ಇತ್ತು. ದೊಡ್ಡ ದೊಡ್ಡ ಕಂಪನಿಗಳು ಅದನ್ನು ಪುಕ್ಕಟೆ ಎತ್ತಿಕೊಂಡು ಬಳಸಿದವು, ಓದಲಿಲ್ಲ. ಅವರ ಹೆಸರು ಯಾವ ಬ್ಲೇಮ್‌ನಲ್ಲೂ ಬರಲ್ಲ. ಆಗ ಓಪನ್‌ಎಸ್‌ಎಸ್‌ಎಲ್ ನೋಡಿಕೊಳ್ತಿದ್ದವರು ಕೈಬೆರಳೆಣಿಕೆಯ ಜನ. ದೋಷ ಹೊರಬಿದ್ದ ತಿಂಗಳಲ್ಲೇ ಲಿನಕ್ಸ್ ಫೌಂಡೇಶನ್ ಇಂಥ ಪ್ರಾಜೆಕ್ಟ್‌ಗಳಿಗೆ ಹಣ ಕೂಡಿಸೋ ಒಂದು ಯೋಜನೆ ಶುರು ಮಾಡಿತು.

ಗಿಟ್‌ನಲ್ಲಿ ಬರೆದವರ ಹೆಸರಿಗೆ ಒಂದು ಕಾಲಂ, ಸೇರಿಸಿದವರ ಹೆಸರಿಗೆ ಇನ್ನೊಂದು ಕಾಲಂ ಇದೆ. ಪ್ರತಿ ಕಮಿಟ್ ತನ್ನ ಹಿಂದಿನ ಕಮಿಟ್‌ನ ಗುರುತನ್ನು ಒಳಗೆ ಇಟ್ಟುಕೊಂಡಿರುತ್ತೆ, ಹಾಗಾಗಿ ಹಳೆಯದರಲ್ಲಿ ಒಂದಕ್ಷರ ತಿದ್ದಿದರೂ ಮುಂದಿನ ಸಂಖ್ಯೆಗಳೆಲ್ಲ ಬದಲಾಗಿ ಗೊತ್ತಾಗಿಬಿಡುತ್ತೆ. 2003ರ ಹಾಗೆ ಮೆಲ್ಲಗೆ ನುಗ್ಗಿಸೋದು ಕಷ್ಟ. ಆದರೆ ಆ ಹೆಸರಿನ ಕಾಲಂನಲ್ಲಿ ಏನು ಬರೀಬೇಕು ಅನ್ನೋದು ಬರೆಯೋರ ಕೈಯಲ್ಲೇ ಇದೆ. ಡಿಜಿಟಲ್ ಸಹಿ ಹಾಕಿಸದಿದ್ದರೆ ನಾನು ಯಾರ ಹೆಸರಲ್ಲಿ ಬೇಕಾದರೂ ಕಮಿಟ್ ಮಾಡಬಹುದು. ಸಹಿ ಇದ್ದರೂ ಅದು ಹೇಳೋದು ಕೀಲಿ ಇವರದು ಅಂತ. ಇವರು ಯಾರು ಅಂತ ಅದು ಹೇಳಲ್ಲ.

2024ರ ಮಾರ್ಚ್‌ನಲ್ಲಿ ಲೋಕ ಕಂಡದ್ದು ಅದನ್ನೇ. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್‌ಗೆ ಒಂದು ಯಂತ್ರಕ್ಕೆ ಲಾಗಿನ್ ಆಗೋಕೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಅನ್ನಿಸಿತು. ಬಿಡದೆ ಹಿಂಬಾಲಿಸಿದರು. ಎಕ್ಸ್‌ಝಡ್ ಅನ್ನೋ, ಫೈಲುಗಳನ್ನು ಕುಗ್ಗಿಸೋ ಸಾಧನದ ಹೊಸ ಆವೃತ್ತಿಯಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದರು. ಇಟ್ಟದ್ದು ಜಿಯಾ ಟಾನ್ ಅನ್ನೋ ಹೆಸರಿನವರು. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆ ಒಳ್ಳೆ ಪ್ಯಾಚ್ ಕಳಿಸಿ, ದಣಿದಿದ್ದ ಮೂಲ ನಿರ್ವಾಹಕ ಲಾಸ್ಸೆ ಕಾಲಿನ್ ಅವರ ನಂಬಿಕೆ ಗಳಿಸಿ, ಬಿಡುಗಡೆ ಮಾಡೋ ಅಧಿಕಾರ ಪಡೆದಿದ್ದವರು.

ಅವರಿಗೆ ಬ್ಲೇಮ್ ಏನು ಅಂತ ಚೆನ್ನಾಗಿ ಗೊತ್ತಿತ್ತು. ಹಿಂಬಾಗಿಲ ಮುಖ್ಯ ಭಾಗವನ್ನು ಪರೀಕ್ಷೆಗೆ ಬಳಸೋ ಕೆಟ್ಟುಹೋದ ಫೈಲುಗಳ ವೇಷದಲ್ಲಿ ಇಟ್ಟರು. ಅವು ಬೈನರಿ ಫೈಲ್, ಓದೋ ಸಾಲುಗಳೇ ಇಲ್ಲ, ಸಾಲು ಸಾಲಾಗಿ ಯಾರನ್ನು ಏನು ಕೇಳ್ತೀರಿ? ಅದನ್ನು ಎಬ್ಬಿಸೋ ಸಾಲುಗಳನ್ನಂತೂ ಗಿಟ್‌ಗೆ ಹಾಕಲೇ ಇಲ್ಲ, ಬಿಡುಗಡೆಯ ಗಂಟಿನಲ್ಲಿ ಮಾತ್ರ ಸೇರಿಸಿದರು. ಇತಿಹಾಸ ನೋಡೋರು ರೆಪೊಸಿಟರಿ ನೋಡ್ತಾರೆ, ಬಳಸೋರು ಗಂಟು ಇಳಿಸಿಕೊಳ್ತಾರೆ. ಎರಡರ ನಡುವಿನ ಸಂದಿಯಲ್ಲಿ ಕೆಲಸ ಆಗಿತ್ತು. ಗಿಟ್‌ನಲ್ಲಿ ಕಣ್ಣಿಗೆ ಕಾಣೋ ಹಾಗೆ ಸಿಕ್ಕಿದ್ದರಲ್ಲಿ ಒಂದು, ಬರೀ ಒಂದು ಚುಕ್ಕಿ. ಒಂದು ಸುರಕ್ಷತಾ ಸೌಲಭ್ಯ ಇದೆಯಾ ಅಂತ ನೋಡೋ ಪುಟ್ಟ ಪರೀಕ್ಷಾ ಕೋಡಿನ ನಡುವೆ ಒಂಟಿ ಪೂರ್ಣವಿರಾಮ ಇತ್ತು. ಅದರಿಂದ ಆ ಕೋಡ್ ಯಾವತ್ತೂ ಕಂಪೈಲ್ ಆಗಲ್ಲ, ಸೌಲಭ್ಯ ಇಲ್ಲ ಅಂತಲೇ ಲೆಕ್ಕವಾಗುತ್ತೆ. ಪರದೆ ಮೇಲಿನ ಧೂಳು ಅಂದ್ಕೊಂಡು ದಾಟಿಹೋಗಬಹುದು.

ಆಮೇಲೆ ಜನ ಆ ಹೆಸರಿನ ಕಮಿಟ್‌ಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಓದಿದರು. ಬಹುತೇಕ ಕಮಿಟ್‌ಗಳ ಹೊತ್ತು ಪೂರ್ವ ಏಷ್ಯಾದ ಸಮಯವಲಯದಲ್ಲಿದೆ, ಗ್ರೀನ್‌ವಿಚ್‌ಗಿಂತ ಎಂಟು ಗಂಟೆ ಮುಂದೆ. ಕೆಲವು ಮಾತ್ರ ಎರಡು, ಮೂರು ಗಂಟೆ ಮುಂದಿನ ವಲಯದಲ್ಲಿವೆ, ಪೂರ್ವ ಯುರೋಪಿನ ಗಡಿಯಾರದ ಹಾಗೆ. ಗಡಿಯಾರ ಬದಲಾಯಿಸೋದು ಮರೆತರಾ, ಅಥವಾ ನಮ್ಮನ್ನು ದಾರಿ ತಪ್ಪಿಸೋಕೆ ಬೇಕಂತಲೇ ಬಿಟ್ಟರಾ? ಸಮಯವಲಯವೂ ಹೆಸರಿನ ಹಾಗೆ ಬರೆಯೋರ ಕೈಯಲ್ಲೇ ಇರೋದು.

ಲಾಸ್ಸೆ ಕಾಲಿನ್ ಹಿಂಬಾಗಿಲನ್ನು ಕಿತ್ತುಹಾಕಿ 2024ರ ಮೇ 29ರಂದು 5.6.2 ಆವೃತ್ತಿ ಬಿಟ್ಟರು. ಇವತ್ತಿಗೂ ಎಕ್ಸ್‌ಝಡ್‌ನ ಕೆಲವು ಫೈಲುಗಳಲ್ಲಿ ಬ್ಲೇಮ್ ಓಡಿಸಿದರೆ ಸಾಲುಗಳ ಪಕ್ಕ ಜಿಯಾ ಟಾನ್ ಅಂತ ಬರುತ್ತೆ. ನಂಬಿಕೆ ಗಳಿಸೋಕೆ ಬರೆದ ಸಾಲುಗಳು ಅವು. ಯಾವ ಮೋಸವೂ ಇಲ್ಲದ, ಚೆನ್ನಾಗಿ ಕೆಲಸ ಮಾಡೋ ಸಾಲುಗಳು.